ಒದ್ದೆ ಬಟ್ಟೆಯ ಪ್ರಶ್ನೆ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಇಸ್ತ್ರಿ ಅಂಗಡಿಯ ಬಾಗಿಲಲ್ಲಿ ನಿಂತರೆ ಎದುರು ಗೋಡೆಯೂ ಕಾಣುತ್ತಿರಲಿಲ್ಲ. ಅಮ್ಮ ನೀಲಿ ಅಂಗಿಯೊಂದನ್ನು ಮೇಜಿನ ಮೇಲೆ ಹರಡಿ ನೀರು ಚಿಮುಕಿಸುತ್ತಿದ್ದಳು. ಮಗಳು ಚೀಲ ಹೆಗಲಿಗೇರಿಸಿ ನಿಂತಲ್ಲೇ ನಿಂತಿದ್ದಳು.

"ಅಮ್ಮಾ, ಒಂದು ಪ್ರಶ್ನೆ ಕೊಡೇ. ಉತ್ತರ ಗೊತ್ತಿಲ್ಲದ್ದೇ ತರ್ಬೇಕಂತೆ. ಒಂದನ್ನ ಆರಿಸಿ ಎಲ್ರೂ ಸೇರಿ ಉತ್ತರ ಹುಡುಕೋದು. ಟೀಚರ್ ಹೇಳ್ಕೊಡಲ್ವಂತೆ."

"ಹೇಳ್ಕೊಡದಿದ್ರೆ ಅವರು ಇನ್ಯಾತಕ್ಕೆ?"

"ನೀವೇ ಮಾಡಿ ನೋಡಿ, ನಾನು ಜೊತೇಲಿರ್ತೀನಿ ಅಂದ್ರು. ಬೇಗ ಕೊಡೇ! ಕಡ ಅಂದ್ಕೋ, ವಾಪಸ್ ತಂದ್ಕೊಡ್ತೀನಿ."

ಅಮ್ಮನ ಕೈ ನಿಂತಿತು. ಹನಿ ಬಿದ್ದಲ್ಲೆಲ್ಲ ನೀಲಿ ಕಪ್ಪಾಗಿತ್ತು. "ನೀರಿಗೆ ಬಣ್ಣವೇ ಇಲ್ಲ. ಒದ್ದೆಯಾದ ಬಟ್ಟೆ ಮಾತ್ರ ಯಾಕೆ ಕಪ್ಪಗೆ ಕಾಣುತ್ತೆ?" ಎಂದಳು ಮೆಲ್ಲಗೆ. "ನಾಲ್ಕನೇ ತರಗತೀಲಿ ಕೇಳಿದ್ದೆ. ತಲೆಹರಟೆ ಅಂತ ಮೇಷ್ಟ್ರು ಹೊರಗೆ ನಿಲ್ಲಿಸಿದ್ರು. ಆಮೇಲೆ ನಾನು ಕೈಯೆತ್ತಲೇ ಇಲ್ಲ."

ಮಗಳ ತರಗತಿ ಆರಿಸಿದ್ದು ಅದನ್ನೇ. ಅಂದಿನಿಂದ ಅಮ್ಮನಿಗೆ ಕಾಯುವುದೇ ಕೆಲಸ. ಬಟ್ಟೆಗೆ ನೀರು ಚಿಮುಕಿಸಿದಾಗಲೆಲ್ಲ ಅಂದು ತರಗತಿಯ ಬಾಗಿಲ ಹೊರಗೆ ನಿಂತ ಆ ಹುಡುಗಿ ನೆನಪಾಗುತ್ತಿದ್ದಳು. ಸಂಜೆ ಕೈಮುಗಿದು, "ಸ್ವಾಮೀ, ಮಕ್ಕಳಿಗೆ ದಾರಿ ತೋರಿಸು" ಎನ್ನುವಳು. ಮಗಳದು ದಿನಕ್ಕೊಂದು ಸುದ್ದಿ: ನೀರಲ್ಲಿ ಕೊಳೆ ಇರಬಹುದೆಂದು ಸೋಸಿ ನೋಡಿದರಂತೆ, ಅಲ್ಲವಂತೆ. ತಂಪಿಗಿರಬಹುದೆಂದು ಬಿಸಿನೀರು ಹಾಕಿದರಂತೆ, ಅದೂ ಅಲ್ಲವಂತೆ. ಸೋತದ್ದನ್ನು ಹೇಳುವಾಗಲೂ ಅವಳ ಮುಖ ಅರಳಿರುತ್ತಿತ್ತು.

ಒಂಬತ್ತನೇ ದಿನ ಬಂದವಳೇ ನೀಲಿ ಕರವಸ್ತ್ರವೊಂದನ್ನು ಮೇಜಿನ ಮೇಲಿಟ್ಟು ಅರ್ಧ ಒದ್ದೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿದಳು. "ಈಗ ನೋಡು."

ಮೇಜಿನ ಮೇಲೆ ಕಪ್ಪಗಿದ್ದ ಒದ್ದೆ ಭಾಗವೇ ಅಲ್ಲಿ ಒಣ ಭಾಗಕ್ಕಿಂತ ಹೆಚ್ಚು ಬೆಳಗುತ್ತಿತ್ತು.

"ಒದ್ದೆಯಾದ್ರೆ ಬೆಳಕು ಒಳಗೆ ಹೊರಟುಹೋಗುತ್ತಮ್ಮ. ನಮ್ಮ ಕಡೆ ತಿರುಗಿ ಬರೋದು ಕಮ್ಮಿ. ಅದಕ್ಕೇ ಕಪ್ಪು."

ಅಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ತನಗೇ ಗೊತ್ತಿಲ್ಲದಂತೆ ಕೈಯೆತ್ತಿದಳು. "ಹಾಗಾದ್ರೆ ಬಿಳಿ ಬಟ್ಟೆ ಯಾಕೆ ಅಷ್ಟು ಕಪ್ಪಾಗಲ್ಲ?"

"ಅಯ್ಯೋ, ಅದನ್ನ ನಾವ್ಯಾರೂ ಕೇಳ್ಲೇ ಇಲ್ವಲ್ಲೇ!"

ಇಬ್ಬರ ನಗು ನಿಂತ ಮೇಲೆ ಮಗಳು ಚೀಲದಿಂದ ದೊಡ್ಡದೊಂದು ಹಾಳೆ ತೆಗೆದು ಅಮ್ಮನ ಕೈಗಿಟ್ಟಳು. ಮಕ್ಕಳೆಲ್ಲರ ಕೈಬರಹದಲ್ಲಿದ್ದ ಉತ್ತರದ ಮೇಲ್ಗಡೆ, ದಪ್ಪ ಅಕ್ಷರದ ಮೊದಲ ಸಾಲು: ಪ್ರಶ್ನೆ ಕೇಳಿದವರು: ಅಮ್ಮ, ನಾಲ್ಕನೇ ತರಗತಿ.