ಯಾರೂ ಕೇಳದ ಕರೆಂಟು

ಹಸಿರು ಗುಂಡಿ ಒತ್ತಿದರೂ ಬಾಗಿಲು ತೆರೆಯಲಿಲ್ಲ. ಭಾವ ಇನ್ನೊಮ್ಮೆ ಒತ್ತಿದ, ಈ ಸಲ ಹಲ್ಲು ಕಚ್ಚಿಕೊಂಡು. ಹಲ್ಲಿನ ಬಲ ರಿಮೋಟಿಗೆ ತಲುಪುವುದಿಲ್ಲ.

"ಏನೋ ಇದು, ಮೊಂಡ?"

"ಬಾಗಿಲು, ಭಾವ."

ಇಬ್ಬರೂ ಒಳಗಿದ್ದರು. ಅದು ಜೈಲಿಗೆಂದು ಭಾವನ ಕಾರ್ಖಾನೆಯಲ್ಲಿ ಕಟ್ಟಿದ ಮಾದರಿ ಕೋಣೆ. ಮೂರು ಕಡೆ ಗೋಡೆ, ಒಂದು ಕಡೆ ಉಕ್ಕಿನ ಬಾಗಿಲು. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಒಳಗಡೆ ಹಿಡಿಕೆ ಇಲ್ಲ. ಕೈದಿಗೆ ಹಿಡಿಕೆ ಕೊಟ್ಟರೆ ಮರ್ಯಾದೆ ಕೊಟ್ಟಂತಾಗುತ್ತದೆ. ಅಂಚಿನ ಸಂದಿಗೆ ಉಗುರೂ ತೂರುವುದಿಲ್ಲ. ಅಂಗೈಯಗಲದ ಒಂದು ಗಾಜು, ಅದರ ಕೆಳಗೆ ಮಾತಾಡಲು ಕೊರೆದ ಸಣ್ಣ ತೂತುಗಳು, ಅಷ್ಟೇ. ಗುಂಡಿ ಒತ್ತಿದರೆ ಮೋಟಾರೇ ಬೋಲ್ಟು ಎಳೆದು, ಮೋಟಾರೇ ಬಾಗಿಲು ತೆರೆಯಬೇಕು.

ಇನ್ನೇನು ಕಾರಾಗೃಹದ ಸಾಹೇಬರು ಬರುವ ಹೊತ್ತು. ಅವರು ಒಪ್ಪಿದರೆ ಇಡೀ ಜೈಲಿಗೆ ಭಾವನ ಬೀಗ. ಒಪ್ಪದಿದ್ದರೆ ಭಾವನ ಕಾರ್ಖಾನೆಗೆ ಬೇರೆ ಯಾರದೋ ಬೀಗ. ಹೈಸ್ಕೂಲು ಅರ್ಧಕ್ಕೆ ಬಿಟ್ಟ ಹೆಂಡತಿಯ ತಮ್ಮನನ್ನು ನಂಬಿ ಪ್ರೋಗ್ರಾಂ ಬರೆಸುವ ಕಾರ್ಖಾನೆ ಭೂಮಿಯ ಮೇಲೆ ಅದೊಂದೇ. ಅದು ಮುಚ್ಚಿದರೆ ಮೊಂಡನಿಗೆ ಬೀದಿ.

"ಬಾಗಿಲು ದೂಡಿ ಕೆಂಪು ಗುಂಡಿ ಒತ್ತಿದಾಗ ಬೆಣ್ಣೆ ಥರ ಹಾಕ್ಕೊಂಡ್ತು," ಭಾವ ಗೊಣಗಿದ. "ಒಂಚೂರು ಸದ್ದಿಲ್ಲ. ತೆಗೆಯೋಕೆ ಏನು ರೋಗ? ಬಾಗಿಲ ಮೇಲಿನ ದೀಪ ನೋಡಿದ್ರೆ ಹಸಿರು ತೋರಿಸ್ತಿದೆ."

"ದೀಪಕ್ಕೇನು ಗೊತ್ತು? ಬೋಲ್ಟು ನೋಡೋ ಸೆನ್ಸರ್ ದಂಡ ಅಂತ ನೀವೇ ಕೀಳಿಸಿದ್ರಿ. ಈಗ ನಾವು ಯಾವ ಬಣ್ಣ ಒತ್ತಿದ್ರೆ ಅದೇ ಬಣ್ಣ ಉರಿಯತ್ತೆ."

ಭಾವ ಬಾಗಿಲಿಗೆ ಒದ್ದ. ಬಾಗಿಲಿಗೆ ಏನೂ ಆಗಲಿಲ್ಲ. ಹೆಬ್ಬೆರಳಿಗೆ ಆಯಿತು.

ಸದ್ದು ಕೇಳಿ ಹೊರಗೆ ಅಕ್ಕ ಓಡಿ ಬಂದಳು. ಗಾಜಿನಲ್ಲಿ ಅವಳ ಒಂದು ಕಣ್ಣು, ಅರ್ಧ ಮೂಗು ಕಂಡಿತು.

"ಇಬ್ರೂ ಒಳಗೇ? ಒಳ್ಳೇದಾಯ್ತು. ನಿಮ್ಮ ಜಗಳ ಹೊರಗೆ ಕೇಳಲ್ಲ."

"ಲೇ, ಬಾಗಿಲ ಮೇಲೆ ಕೈ ಇಡ್ಬೇಡ. ಈಗ ತಾನೆ ಪಾಲಿಶ್ ಹೊಡೆಸಿದೀನಿ, ಅಚ್ಚು ಬೀಳತ್ತೆ."

"ಜೈಲಿಗೆ ಬಿದ್ರೂ ಹೊಳಪಿನ ಚಿಂತೆ," ಎಂದು ಅಕ್ಕ ಕೈ ತೆಗೆದಳು.

"ಅಕ್ಕಾ, ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ಇದೆ," ಮೊಂಡ ಕೂಗಿದ. "ಬೀಗದ ವೈರು ಅದಕ್ಕೇ ಸಿಕ್ಕಿಸಿದೀನಿ. ಪರದೆ ಮೇಲೆ ಮೋಟಾರಿನ ಬಗ್ಗೆ ಏನಾದ್ರೂ ಇದ್ಯಾ, ಓದು."

ಅಕ್ಕ ಹೋಗಿ ಬಗ್ಗಿ ಓದಿದಳು. "ಮೋಟಾರ್ ಲೈನ್. ಯಾರೂ ಕೇಳಿಲ್ಲ. ಆಫ್ ಮಾಡಲಾಗಿದೆ."

ಮೊಂಡ ಹಣೆ ಚಚ್ಚಿಕೊಂಡ.

ಬೀಗದ ಹೊಟ್ಟೆಯಲ್ಲಿ ಉಗುರಿನಷ್ಟು ಕಂಪ್ಯೂಟರು. ಅದರ ಮಗ್ಗುಲಲ್ಲಿ ಒಂದು ಪವರ್ ಚಿಪ್ಪು. ದೀಪಕ್ಕೆ ಇಷ್ಟು ವೋಲ್ಟು, ಮೋಟಾರಿಗೆ ಇಷ್ಟು ಎಂದು ಬೇರೆಬೇರೆ ಲೈನಿನಲ್ಲಿ ಬಡಿಸುವುದು ಅದರ ಕೆಲಸ. ಯಾರಿಗೆ ಬಡಿಸಬೇಕು, ಯಾರ ಎಲೆ ಎತ್ತಬೇಕು ಎಂದು ಹೇಳುವುದು ಆಪರೇಟಿಂಗ್ ಸಿಸ್ಟಂ. ಅದು ಮಹಾ ಜಿಪುಣ. ಬೇಕಾದವರು ಬಾಯಿಬಿಟ್ಟು ಕೇಳಬೇಕು. ಬೀಗ ಸ್ಟಾರ್ಟ್ ಆಗಿ ಸುಧಾರಿಸಿಕೊಂಡ ಕೂಡಲೇ, ಯಾರೂ ಕೇಳದ ಲೈನುಗಳನ್ನೆಲ್ಲ ಅದು ಒಂದೇ ಏಟಿಗೆ ಕತ್ತರಿಸಿಹಾಕುತ್ತದೆ. ಮೋಟಾರಿನ ಪರವಾಗಿ ಕೇಳುವ ಸಾಲನ್ನು ಮೊಂಡ ಬರೆದೇ ಇರಲಿಲ್ಲ. ಬರೆಯದಿದ್ದರೂ ನಡೆಯುತ್ತಿತ್ತು, ಏಕೆಂದರೆ ಅದೇ ಲೈನಿನಲ್ಲಿದ್ದ ಕ್ಯಾಮೆರಾ ಕೇಳುತ್ತಿತ್ತು. ಮೋಟಾರು ಕ್ಯಾಮೆರಾದ ಹೆಸರು ಹೇಳಿ ಉಣ್ಣುತ್ತಿತ್ತು. ಬೆಳಿಗ್ಗೆ ಭಾವ ಖರ್ಚು ಉಳಿಸಲು ಕ್ಯಾಮೆರಾನೂ ಕೀಳಿಸಿದ್ದ.

"ನಿನ್ನ ತಪ್ಪು," ಎಂದ ಭಾವ.

"ನಿಮ್ಮ ಕತ್ತರಿ," ಎಂದ ಮೊಂಡ.

"ನಮ್ಮನೇಲೂ ಕೇಳದೆ ಏನೂ ಸಿಗಲ್ಲ," ಹೊರಗಿನಿಂದ ಅಕ್ಕ ಹೇಳಿದಳು. "ಕೇಳಿದ್ರೂ ಸಿಗಲ್ಲ, ಅದು ಬೇರೆ ಮಾತು. ಈಗ ಏನು ಮಾಡ್ಲಿ?"

"ಒಂದೇ ಸಾಲು ಅಕ್ಕ. ನಾನು ಹೇಳ್ತೀನಿ, ನೀನು ಟೈಪ್ ಮಾಡು. ಕರೆಂಟು ಬರತ್ತೆ, ಬಾಗಿಲು ತೆರೆಯತ್ತೆ."

ಅಕ್ಕ ಕೀಲಿಮಣೆಯ ಮೇಲೆ ಬೆರಳಿಟ್ಟಳು. ಅಷ್ಟರಲ್ಲಿ ಅಂಗಳದಲ್ಲಿ ಬೂಟಿನ ಸದ್ದು.

ಭಾವ ಗಾಜಿಗೆ ಮುಖ ಒತ್ತಿ ನೋಡಿದ. ಮುಖದ ಬಣ್ಣ ಹೋಯಿತು, ಮತ್ತೆ ಬಂತು. ಮೊದಲಿಗಿಂತ ಚೆನ್ನಾಗಿಯೇ ಬಂತು. ರಿಮೋಟಿನ ಕೆಂಪು ಗುಂಡಿ ಒತ್ತಿದ. ದೀಪ ಕೆಂಪಾಯಿತು.

"ಟೈಪ್ ಮಾಡ್ಬೇಡ ಕಣೆ."

"ಭಾವ, ಹೊರಗೆ ಹೋಗೋದು ಬೇಡ್ವಾ?"

"ತೆರೆಯೋ ಬಾಗಿಲು ಎಲ್ಲರೂ ಮಾರ್ತಾರೆ. ಸುಮ್ನಿರು."

ಸಾಹೇಬರು ಬಂದು ಗಾಜಿನಲ್ಲಿ ಇಣುಕಿದರು. "ಏನ್ರೀ, ನೀವೇ ಒಳಗೆ?"

"ಬೇಕಂತಲೇ ಸಾರ್. ಬೀಗ ಮಾಡಿದವನು ನಾನು, ಅದರ ಬುದ್ಧಿ ಬರೆದವನು ಇವನು. ಇಬ್ರ ಕೈಲೂ ಹೊರಗೆ ಬರೋಕಾಗ್ತಿಲ್ಲ. ಇನ್ನು ನಿಮ್ಮ ಕಳ್ಳರ ಕೈಲಿ ಏನಾಗತ್ತೆ?"

"ಬಾಯಲ್ಲಿ ಎಲ್ಲರೂ ಹೇಳ್ತಾರೆ. ಹಿಂದಿನ ಬೀಗಾನ ಒಬ್ಬ ಚಮಚದಲ್ಲಿ ಬಿಚ್ಚಿಟ್ಟು ಹೋದ."

ಭಾವ ಮೊಂಡನನ್ನು ಮುಂದೆ ನೂಕಿದ. "ತೋರಿಸೋ."

ಮೊಂಡನಿಗೆ ನಟಿಸುವ ಅಗತ್ಯ ಬೀಳಲಿಲ್ಲ. ಹೈಸ್ಕೂಲು ಬಿಡಿಸಿದ ಮೇಷ್ಟ್ರ ಮೇಲಿನದ್ದು, ಭಾವನ ಮೇಲಿನದ್ದು, ಕೂಡಿಟ್ಟ ಸಿಟ್ಟನ್ನೆಲ್ಲ ಭುಜಕ್ಕೆ ತಂದು ಬಾಗಿಲಿಗೆ ಗುದ್ದಿದ. ಒದ್ದ. ಓಡಿ ಬಂದು ಬಿದ್ದ. ಬಾಯಿಗೆ ಬಂದದ್ದೆಲ್ಲ ಬೈದ. ಉಕ್ಕು ಮಿಸುಕಲಿಲ್ಲ. ಸಾಹೇಬರು ಕೆಂಪು ದೀಪ ನೋಡಿದರು, ಮೊಂಡನ ಬೆವರು ನೋಡಿದರು, ತಲೆದೂಗಿದರು.

"ಹುಡುಗನ ಭಾಷೆ ಥೇಟ್ ನಮ್ಮವರದ್ದೇ," ಎಂದರು. "ಆಯ್ತು ಕಣ್ರೀ. ನಮ್ಮಲ್ಲಿ ಎಲ್ಲ ಬಾಗಿಲಿಗೂ ಇದೇ ಹಾಕಿ."

ಹೊರಗೆ ಅಕ್ಕ ಕುರ್ಚಿಗೆ ಕುಸಿದು ಕೂತಳು. ಒಳಗೆ ಭಾವ ಮೊಂಡನನ್ನು ತಬ್ಬಿಕೊಂಡ; ಕಣ್ಣಲ್ಲಿ ನೀರು. ಬರೆಯದೆ ಬಿಟ್ಟ ಒಂದು ಸಾಲು ಮನೆ ಉಳಿಸಿತಲ್ಲ ಎಂದು ಮೊಂಡನಿಗೂ ಎದೆಯುಬ್ಬಿತು.

"ಇಂಥ ಬೀಗ ಮಾಡಿದವರ ಕೈ ಕುಲುಕದೆ ಹೋಗೋದು ಹೇಗ್ರೀ," ಎನ್ನುತ್ತ ಸಾಹೇಬರು ಬೋಲ್ಟೇ ಬೀಳದ ಬಾಗಿಲು ತಳ್ಳಿಕೊಂಡು ಒಳಗೆ ಬಂದರು.