ಎಂಟು ರಾಣಿಯರ ಹೊಲಿಗೆಮನೆ

ಕತ್ತರಿ ಹಾರಿ ಬಂದು ಮೇಸ್ತ್ರಿಯ ಕುರ್ಚಿ ಪಕ್ಕ ಬಿತ್ತು. ಯಾರಿಗೂ ತಗಲಲಿಲ್ಲ. ಈ ಹೆಂಗಸರ ಜಗಳದಲ್ಲಿ ಮಾತು ಬಿಟ್ಟು ಬೇರೇನೂ ಯಾರಿಗೂ ತಗಲಿದ್ದಿಲ್ಲ.

“ನನ್ನ ದಾರದುಂಡೆ ಎಲ್ಲೇ? ನುಂಗಿದ್ಯಾ?” ಎಂದಳು ಕಾಲರ್ ಹೊಲಿಯುವವಳು.

“ನಿನ್ನ ದಾರ ನುಂಗಿದ್ರೆ ಹೊಟ್ಟೆಯೊಳಗೂ ಸಿಕ್ಕಾಗ್ತಿತ್ತು ಬಿಡೇ!” ಎಂದಳು ತೋಳು ಹೊಲಿಯುವವಳು.

ಮೇಸ್ತ್ರಿ ತಲೆ ಎತ್ತಲಿಲ್ಲ. ತೊಡೆಯ ಮೇಲೆ ಚದುರಂಗದ ಹಲಗೆ ಇತ್ತು. ಎಂಟು ರಾಣಿಯರನ್ನು ಅದರ ಮೇಲೆ ಕೂರಿಸಬೇಕು. ಒಬ್ಬಳು ಇನ್ನೊಬ್ಬಳಿಗೆ ನೇರಕ್ಕೂ ಸಿಗಬಾರದು, ಅಡ್ಡಕ್ಕೂ ಸಿಗಬಾರದು, ಓರೆಗೂ ಸಿಗಬಾರದು. ಪೆಟ್ಟಿಗೆಯಲ್ಲಿ ಇದ್ದವರು ಇಬ್ಬರೇ ರಾಣಿಯರು. ಉಳಿದವರ ಬದಲಿಗೆ ಅಂಗಿಯ ಗುಂಡಿ ಇಟ್ಟುಕೊಂಡಿದ್ದ. ಮನುಷ್ಯರ ಜೊತೆ ಆಡುವುದನ್ನು ಅವನು ಎಂದೋ ಬಿಟ್ಟಿದ್ದ. ಮನುಷ್ಯರು ಗೆದ್ದುಬಿಡುತ್ತಾರೆ. ಈ ಒಗಟುಗಳಿಗೆ ಆ ಕೆಟ್ಟ ಚಾಳಿ ಇಲ್ಲ.

ಎಡಗೈ ಆಟದಲ್ಲಿ, ಬಲಗೈ ಕೆಲಸದಲ್ಲಿ. ಹೊಲಿದು ಬಂದ ಪ್ರತಿ ಅಂಗಿಯನ್ನೂ ಬಿಚ್ಚಿ, ಒಳಹೊಲಿಗೆ ನೋಡಿ, ‘ಸರಿ’ ಎಂಬ ಮುದ್ರೆ ಒತ್ತುವುದು ಅವನ ಉದ್ಯೋಗ. ಒತ್ತುವುದಕ್ಕೆ ಬಲಗೈ ಸಾಕಾಗುತ್ತಿತ್ತು. ಬಿಚ್ಚಿ ನೋಡುವುದಕ್ಕೆ ಎರಡು ಕೈ ಬೇಕು.

ಹಾಗಾಗಿ ಅಂಗಡಿಯಿಂದ ಅಂಗಿಗಳು ಗಂಟುಗಟ್ಟಲೆ ವಾಪಸು ಬಂದಿದ್ದವು. ಒಂದು ತೋಳು ಉದ್ದ, ಒಂದು ಗಿಡ್ಡ. ಶನಿವಾರ ಯಜಮಾನಿ ಬರುವವಳಿದ್ದಳು. ತಪ್ಪು ಯಾರದೋ ಅವರು ಅವತ್ತೇ ಕೆಲಸ ಬಿಟ್ಟು ಮನೆಗೆ ಹೋಗಬೇಕು.

ಮನೆಗೆ ಹೋಗುವವಳು ಯಾರೆಂದು ಮೇಸ್ತ್ರಿ ಆಗಲೇ ಗೊತ್ತುಮಾಡಿಕೊಂಡಿದ್ದ: ಗುಂಡಿಯಕ್ಕ. ಗುಂಡಿ ಹೊಲಿಯುವ ಈ ಹಿರಿಯಳು ಹಿಂದೊಮ್ಮೆ ಯಜಮಾನಿಯ ಬಳಿ ಹೋಗಿ, “ಮೇಸ್ತ್ರಿ ನೋಡದೆ ಒತ್ತುತ್ತಾರೆ” ಎಂದು ದೂರು ಹೇಳಿದ್ದಳು. “ಒಬ್ಬಳು ಕಂಡದ್ದು ಕಂಡ ಹಾಗಲ್ಲ, ಇಬ್ಬರಾದರೂ ಕಂಡಿರಬೇಕು” ಎಂದು ಯಜಮಾನಿ ಅವಳನ್ನು ಬಂದ ದಾರಿಗೆ ಕಳಿಸಿದ್ದಳು. ಮೇಸ್ತ್ರಿಗೆ ಅವತ್ತು ಹಾಲು ಕುಡಿದಷ್ಟು ಸಂತೋಷವಾಗಿತ್ತು. ಹೆಂಗಸರು ತಮ್ಮತಮ್ಮಲ್ಲೇ ಕಚ್ಚಾಡಲು ಶುರು ಮಾಡಿದ್ದು ಅದಾದ ಮೇಲೆ. ಸೋತ ದಂಡು ಹಾಗೇ ಎಂದುಕೊಂಡ.

ಆದರೆ ಯಜಮಾನಿ ಬಂದಾಗ ಕತ್ತರಿ ಹಾರಿದರೆ ಮೇಸ್ತ್ರಿಯ ಮಾನವೂ ಜೊತೆಗೇ ಹಾರುತ್ತದೆ. ಬಾಗಿಲ ಬಳಿ ಒತ್ತೊತ್ತಾಗಿ ಕೂತಿದ್ದ ಎಂಟು ಹೆಂಗಸರಲ್ಲಿ ಇಬ್ಬರನ್ನು ಎಬ್ಬಿಸಿ ದೂರ ಕೂರಿಸಿದ. ಹಾಲ್ ತುಂಬ ಆಳೆತ್ತರದ ಬಟ್ಟೆ ರಾಶಿ. ರಾಶಿಗಳ ನಡುವೆ ಎಲ್ಲ ದಿಕ್ಕಿಗೂ ಓಣಿಗಳು; ಒಂದೇ ಓಣಿಯಲ್ಲಿ ಇದ್ದವರು ಮಾತ್ರ ಒಬ್ಬರಿಗೊಬ್ಬರು ಕಾಣುತ್ತಿದ್ದರು.

“ಎದುರಿಗೇ ಕಾಣ್ತಾಳೆ ಮೇಸ್ತ್ರಿ, ಆ ಮುಖ ನೋಡಿದ್ರೆ ಸೂಜಿ ಬೆರಳಿಗೆ ಚುಚ್ಚುತ್ತೆ!” ಎಂದಳು ಅವರಲ್ಲೊಬ್ಬಳು.

ಇನ್ನೊಂದು ಕಡೆ ಕೂರಿಸಿದ.

“ಈಗ ಓರೆಯಲ್ಲಿ ಕಾಣ್ತಾಳೆ. ಓರೆಯಲ್ಲಿ ಇನ್ನೂ ಅಸಹ್ಯ.”

ನೇರ, ಅಡ್ಡ, ಓರೆ. ಮೇಸ್ತ್ರಿಯ ಮೈ ಜುಮ್ಮೆಂದಿತು. ಹಲಗೆಯನ್ನು ಎಳೆದುಕೊಂಡು ಒಗಟು ಬಿಡಿಸಿ ಮುಗಿಸಿದ. ರಾಣಿಯರು ಎಲ್ಲೆಲ್ಲಿ ಕೂತಿದ್ದರೋ ಅದೇ ಲೆಕ್ಕಕ್ಕೆ ಹೊಲಿಗೆ ಯಂತ್ರಗಳನ್ನು ಎಳೆಸಿದ. ಹೆಂಗಸರು ಗೊಣಗುತ್ತಲೇ ತಳ್ಳಿದರು. ಕೊನೆಯ ಯಂತ್ರ ನಿಂತ ಮೇಲೆ ಹಾಲ್‌ನಲ್ಲಿ ಹೊಲಿಗೆಯ ಸದ್ದು ಬಿಟ್ಟು ಬೇರೆ ಸದ್ದಿಲ್ಲ.

ನೆಮ್ಮದಿ ಎಂದರೆ ನೆಮ್ಮದಿ. ಬಿಸಿಲು ಬಂದ ಕಡೆಯಿಂದ ಕುರ್ಚಿ ಎತ್ತಿಕೊಂಡು ನೆರಳಿಗೆ ಹೋಗುತ್ತ, ಖಾಲಿ ಇದ್ದಲ್ಲೆಲ್ಲ ಕೂತು, ಅವನು ಹೊಸ ಒಗಟು ಹಿಡಿದ. ಈಗ ಕುದುರೆಗಳ ಸರದಿ. ಬಲಗೈ ತನ್ನ ಪಾಡಿಗೆ ‘ಸರಿ’, ‘ಸರಿ’ ಎನ್ನುತ್ತಿತ್ತು.

ಶನಿವಾರ ಯಜಮಾನಿ ಬಂದಳು. ಬಾಗಿಲಲ್ಲೇ ನಿಂತು ಕಿವಿಗೊಟ್ಟಳು.

“ಇಲ್ಲಿ ಬರೀ ಜಗಳ ಅಂತ ಕೇಳಿದ್ದೆ?”

“ನಿಲ್ಲಿಸಿಬಿಟ್ಟೆ ಅಮ್ಮ.” ಮೇಸ್ತ್ರಿ ಹಲಗೆ ತೋರಿಸಿ ಎಲ್ಲ ವಿವರಿಸಿದ. ಎದೆ ಉಬ್ಬಿ ಅಂಗಿಯ ಗುಂಡಿ ಕೀಳುವಂತಿತ್ತು. “ಒಬ್ಬಳಿಗೆ ಇನ್ನೊಬ್ಬಳ ನೆರಳೂ ಕಾಣಲ್ಲ.”

“ಅಂದ್ರೆ ಇವರು ಸೇರ್ಕೊಂಡು ಒಂದೇ ಸುಳ್ಳು ಹೆಣೆಯೋಕೂ ಆಗಲ್ಲ?”

“ಸಾಧ್ಯವೇ ಇಲ್ಲ! ಮುಖ ಕಂಡ್ರೆ ಉರ್ಕೊಳ್ಳೋರು.”

ಯಜಮಾನಿ ನೇರದ ಓಣಿಯಲ್ಲಿ ನಡೆದಳು. ಕೊನೆಯಲ್ಲಿ ತೋಳು ಹೊಲಿಯುವವಳಿದ್ದಳು. “ಮೇಸ್ತ್ರಿ ಅಂಗಿ ಬಿಚ್ಚಿ ನೋಡ್ತಾರಾ?”

“ಇಲ್ಲಮ್ಮ. ಮಡಚಿದ್ದು ಮಡಚಿದ ಹಾಗೇ ಒತ್ತುತ್ತಾರೆ. ಇಲ್ಲಿಂದ ಕಾಣುತ್ತಲ್ಲ.”

ಅಡ್ಡದ ಓಣಿಗೆ ತಿರುಗಿದಳು. ಅಲ್ಲಿ ಕಾಲರ್‌ನವಳು. ಅವಳೂ ಅದನ್ನೇ ಹೇಳಿದಳು.

“ನಾನು ಇಲ್ಲಿ ಕೂತಿದ್ದು ಇವತ್ತೇ!” ಎಂದ ಮೇಸ್ತ್ರಿ. ದನಿ ಸಣ್ಣಗಾಗಿತ್ತು. “ದಿನಾ ಕೂರೋದು ಅಲ್ಲಿ, ಕಿಟಕಿ ಹತ್ರ.”

ಯಜಮಾನಿ ಅವನ ಕುರ್ಚಿಯನ್ನು ಕಿಟಕಿಯ ಬಳಿ ಇಡಿಸಿ ತಾನೇ ಕೂತು ನೋಡಿದಳು. ನೇರದಲ್ಲಿ ಒಬ್ಬಳು, ಅಡ್ಡದಲ್ಲಿ ಇನ್ನೊಬ್ಬಳು. ಅವರಿಬ್ಬರು ಕಂಡದ್ದೂ ಅದೇ. ಗೋಡೆಯ ಬಳಿ ಇಡಿಸಿದಳು, ಮೂಲೆಯಲ್ಲಿ ಇಡಿಸಿದಳು. ರಾಣಿಯರು ತುಂಬಿದ ಹಲಗೆಯಲ್ಲಿ ಖಾಲಿ ಮನೆ ಎಂದರೆ ಎಷ್ಟು ಜನರ ಬಾಯಿಗೆ ತುತ್ತು ಎಂದು ಮೇಸ್ತ್ರಿ ಅವತ್ತಿನವರೆಗೆ ಯೋಚಿಸಿರಲಿಲ್ಲ. ಅವನಿಗೆ ಕೂತವರದ್ದೇ ಚಿಂತೆ.

“ಮುದ್ರೆ ಕೊಡಿ,” ಎಂದಳು ಯಜಮಾನಿ.

ಕೊಟ್ಟ. ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲ ಕಡೆ ಹೊರಟ. ಗುಂಡಿಗಳು ಒಂದೊಂದಾಗಿ ನೆಲಕ್ಕೆ ಉದುರಿದವು.

ಯಜಮಾನಿ ಗುಂಡಿಯಕ್ಕನ ಕಡೆ ತಿರುಗಿದಳು. “ಆ ಮನುಷ್ಯ ಹೋದದ್ದಾಯ್ತು. ಆದ್ರೆ ನೀವೂ ನಾಳೆಯಿಂದ ಮತ್ತೆ ಕಚ್ಚಾಡಿದ್ರೆ ನಾನು ಸುಮ್ನಿರಲ್ಲ.”

“ನಮ್ಮಲ್ಲಿ ಜಗಳ ಎಲ್ಲಿಂದ ಬಂತಮ್ಮ?” ಎಂದಳು ಗುಂಡಿಯಕ್ಕ, ಸೂಜಿಗೆ ದಾರ ಪೋಣಿಸುತ್ತ. “ಮೇಸ್ತ್ರಿ ಎಲ್ಲಿ ಕೂತ್ರೂ ಇಬ್ಬರಿಗೆ ಕಾಣೋ ಹಾಗೆ ನಮ್ಮನ್ನ ಅವರೇ ಕೂರಿಸಬೇಕಿತ್ತು, ಅಲ್ಲೀತನಕ ಒಂಚೂರು ಕೂಗಾಡಿದ್ವಿ, ಅಷ್ಟೇ.”