ವಿಟಾಲಿಸ್ ಅಂತ ಮೊದಲು ಕರೆದವರು

ಈ ಹುಡುಗನ ಹೆಸರು ಕೇಳಿದರೆ ನಿಮಗೆ ನಗು ಬರಬಹುದು... ಮೊದಲು ನಕ್ಕುಬಿಡಿ, ಆಮೇಲೆ ಓದಿ.

ವಿಟಾಲಿಸ್!

ಮಂಗಳೂರಿನವನು. ಇಪ್ಪತ್ನಾಲ್ಕು ವರ್ಷ. ಮದುವೆ ಹಾಲ್‌ಗಳಲ್ಲಿ ಮೈಕ್ ಹಿಡಿದು ಎಂಸಿ, ಅಂದರೆ ಕಾರ್ಯಕ್ರಮ ನಿರೂಪಣೆ, ಮಾಡುವುದೇ ಅವನ ಕೆಲಸ.

ನೂರಾರು ಜನರನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಿದ್ದ... ತನ್ನ ಹೆಸರು ಹೇಳುವಾಗ ಮಾತ್ರ ನಾಲಿಗೆ ತಡವರಿಸುತ್ತಿತ್ತು.

ಶಾಲೆಯಲ್ಲಿ "ವಿಟಮಿನ್ ಮಾತ್ರೆ" ಅಂತ ಕರೆದು ಪ್ರಾಣ ತಿಂದಿದ್ದರು. ಈಗ ಮದುವೆಮನೆಯವರೂ ಬಿಡುತ್ತಿರಲಿಲ್ಲ. "ಅದೆಂತ ಹೆಸರು ಮಾರಾಯ, ಔಷಧಿ ಕಂಪನಿದಾ?"

ಅವನೂ ಒಮ್ಮೆ ಗೂಗಲ್ ಮಾಡಿ ನೋಡಿದ್ದ. ಲ್ಯಾಟಿನ್ ಹೆಸರು. ಆ ಭಾಷೆಯಲ್ಲಿ "ವೀಟಾ" ಅಂದರೆ ಜೀವ. ರೋಮನ್ನರ ಕಾಲದಿಂದಲೂ ಇದೆ. ಈ ಹೆಸರಿನ ಸಂತರಿದ್ದಾರೆ, ಇಟಲಿಯಲ್ಲಿ ಒಂದು ಪುರಾತನ ಚರ್ಚೂ ಇದೆ.

ಎಲ್ಲ ಸರಿ... ಆದರೆ ಇವತ್ತು ಈ ಹೆಸರಿಡುವವರು ಎಷ್ಟು ಜನ? ಜನಪ್ರಿಯ ಹೆಸರುಗಳ ಪಟ್ಟಿಯನ್ನು ಹೆಬ್ಬೆರಳು ನೋಯುವವರೆಗೆ ತಳ್ಳಿ ನೋಡಿದ. ಎಲ್ಲೂ ಇಲ್ಲ!

ಕೊನೆಗೊಂದು ದಿನ ನಿರ್ಧಾರ ಮಾಡಿಯೇಬಿಟ್ಟ. ಹೆಸರು ಬದಲು! ಇನ್ನು ಮೇಲೆ ತಾನು "ರಯಾನ್". ಹೊಸ ಪೋಸ್ಟರ್ ಡಿಸೈನ್ ಕೂಡ ರೆಡಿಯಾಯಿತು. ಖುಷಿಯಲ್ಲಿ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಹೆಸರು ಬದಲಿಸುವ ಅರ್ಜಿಗೆ ಜ್ಞಾನಸ್ನಾನದ, ಅಂದರೆ ಮಗುವಿಗೆ ನೀರು ಹಾಕಿ ಹೆಸರಿಟ್ಟದ್ದರ ಸರ್ಟಿಫಿಕೇಟ್ ಬೇಕು ಅಂದರು ವಕೀಲರು. ಚರ್ಚ್ ಆಫೀಸಿಗೆ ಓಡಿದ.

ಅಲ್ಲಿ ಕೆಲಸಕ್ಕಿದ್ದ ಹಿಲ್ಡಾ ಬಾಯಿ ಹಳೆಯ ರಿಜಿಸ್ಟರ್ ತೆಗೆದರು. ಅವನ ಸಾಲಿನ ಮೇಲೆ ಬೆರಳಿಟ್ಟವರು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು.

"ನಿನಗೆ ಜ್ಞಾನಸ್ನಾನ ಕೊಟ್ಟದ್ದು ಫಾದರ್ ಅಲ್ಲ ಮಾರಾಯ! ಇಲ್ಲಿ ಬೇರೆಯೇ ಉಂಟು ನೋಡು... 'ಆಸ್ಪತ್ರೆಯಲ್ಲಿ, ಮಗು ಮರಣಾವಸ್ಥೆಯಲ್ಲಿದ್ದಾಗ. ನೀಡಿದವರು ನರ್ಸ್ ವನಜಾಕ್ಷಿ.'"

ವಿಟಾಲಿಸ್ ಬೆಪ್ಪಾದ. "ನರ್ಸಾ? ಅದೂ ಹಿಂದೂ ನರ್ಸಾ?"

"ಹೌದು. ಮಗು ಉಳಿಯುವುದಿಲ್ಲ ಅಂತಾದ್ರೆ ಯಾರು ಬೇಕಾದ್ರೂ ತಲೆಗೆ ನೀರು ಹಾಕಿ ಹೆಸರಿಡಬಹುದು. ನಮ್ಮಲ್ಲಿ ಅದು ನಡೀತದೆ."

ಅಮ್ಮನಿಗೆ ಫೋನ್ ಮಾಡಿದರೆ, ಅವರಿಗೂ ಇದು ಹೊಸ ಸುದ್ದಿ!

"ಆಪರೇಷನ್ ಆಗಿ ನನಗೆ ಪ್ರಜ್ಞೆಯೇ ಇರ್ಲಿಲ್ಲ. ಪಪ್ಪ ಗಲ್ಫ್‌ನಲ್ಲಿದ್ರು. ಫಾದರ್ ಬಂದು ಹೆಸರಿಟ್ರು ಅಂತ ನಿನ್ನ ಅಜ್ಜಿ ಹೇಳಿದ್ದು..."

ಪಾಪ, ಅಜ್ಜಿ! ಬೇರೆ ಧರ್ಮದವಳು ನೀರು ಹಾಕಿದಳು ಅಂದರೆ ಜನ ಏನಂದುಕೊಳ್ಳುತ್ತಾರೋ ಅಂತ ಹೆದರಿದ್ದರು. ಫಾದರ್‌ಗೆ ಮಾತ್ರ ಹೇಳಿ ಬರೆಸಿ, ಸಾಯುವವರೆಗೂ ಬಾಯಿ ಬಿಟ್ಟಿರಲಿಲ್ಲ.

ಈಗ ವಿಟಾಲಿಸ್‌ಗೆ ಸರ್ಟಿಫಿಕೇಟ್ ಮರೆತೇಹೋಯಿತು. ಯಾರು ಈ ವನಜಾಕ್ಷಿ? ಲೋಕದಲ್ಲಿ ಇಷ್ಟು ಹೆಸರುಗಳಿರುವಾಗ ತನ್ನ ಕೊರಳಿಗೆ ಇದನ್ನೇ ಏಕೆ ಕಟ್ಟಿದರು? ಕೇಳಿಯೇ ಬಿಡಬೇಕು!

ಆಸ್ಪತ್ರೆಯ ಹಳಬರನ್ನು ವಿಚಾರಿಸಿ ವಿಳಾಸ ಹಿಡಿದ. ಅದೇ ಸಂಜೆ ಬೈಕ್ ಏರಿ ಬಂಟ್ವಾಳಕ್ಕೆ ಹೊರಟ.

ಬಾಗಿಲು ತೆರೆದದ್ದು ಎಪ್ಪತ್ತು ದಾಟಿದ ಸಣಕಲು ಹೆಂಗಸು.

"ಅಮ್ಮ, ನೀವು ನರ್ಸ್ ಆಗಿದ್ರಲ್ಲ? ಒಂದು ಮಗುವಿಗೆ ನೀರು ಹಾಕಿ ವಿಟಾಲಿಸ್ ಅಂತ ಹೆಸರಿಟ್ಟದ್ದು ನೆನಪುಂಟಾ?"

ಅವರ ಮುಖ ಬಾಡಿತು.

"ಮರೆಯುವುದು ಹೇಗೆ ಮಗ? ಎಪ್ರಿಲ್ ಇಪ್ಪತ್ತೆಂಟು. ಮಗುವಿನ ಅಜ್ಜಿಯನ್ನು ಒಳಗೆ ಬಿಡುವ ಹಾಗಿರ್ಲಿಲ್ಲ. ಗಾಜಿನ ಆಚೆಯಿಂದ ಕೈ ಮುಗಿದ್ರು... 'ಸಿಸ್ಟರ್, ಹೆಸರಿಲ್ಲದೆ ಹೋಗುವುದು ಬೇಡ' ಅಂತ."

ಅವರೇ ಮುಂದುವರಿಸಿದರು. "ಎಂತ ಹೆಸರಿಡ್ಲಿ ಅಂತ ಕೇಳಿದ್ರೆ ಅವರಿಗೆ ಅಳು ನಿಲ್ಲುವುದಿಲ್ಲ. ಗೋಡೆಯಲ್ಲಿ ಚರ್ಚಿನ ಕ್ಯಾಲೆಂಡರ್ ಇತ್ತು. ಆ ತಾರೀಕಿನ ಸಂತರ ಹೆಸರು ಓದಿ, ಅದನ್ನೇ ಇಟ್ಟೆ."

"ಆಮೇಲೆ?"

"ಆಮೇಲೆಂತ... ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ತಗೊಂಡು ಹೋದ್ರು. ಅಲ್ಲಿಗೆ ಮುಟ್ಟುವವರೆಗೆ ಉಳಿಯುವುದೂ ಕಷ್ಟ ಅಂತ ಡಾಕ್ಟ್ರೇ ಹೇಳಿದ್ರು."

ಅವರು ಒಳಗಿನ ದೇವರ ದೀಪದ ಕಡೆ ತಿರುಗಿದರು.

"ನಾನು ಹಾಗೆ ನೀರು ಹಾಕಿದ ಮಕ್ಕಳು ಹನ್ನೊಂದು. ಒಂದೂ ಉಳಿಲಿಲ್ಲ. ಅವರ ಹೆಸರು ಕರೆಯುವವರು ಯಾರಿದ್ದಾರೆ ಹೇಳು? ಅದಕ್ಕೇ ದಿನಾ ದೀಪ ಹಚ್ಚುವಾಗ ಹನ್ನೊಂದೂ ಹೆಸರು ನಾನೇ ಕರೀತೇನೆ."



ಯಾವ ಹೆಸರು ಹೇಳಲು ಅವನು ನಾಚುತ್ತಿದ್ದನೋ... ಅದನ್ನು ಇಪ್ಪತ್ನಾಲ್ಕು ವರ್ಷ, ಒಂದು ದಿನವೂ ತಪ್ಪದೆ, ಈ ತಾಯಿ ಕರೆಯುತ್ತಿದ್ದರು. ಅದೂ ಸತ್ತುಹೋದ ಮಗುವಿನದು ಅಂದುಕೊಂಡು!

"ಹನ್ನೊಂದಲ್ಲ ಅಮ್ಮ... ಹತ್ತು. ವಿಟಾಲಿಸ್ ನಾನೇ."

ಅವರು ಅವನನ್ನೇ ನೋಡಿದರು. ಥಟ್ಟನೆ ಅವನ ಮಣಿಕಟ್ಟು ಹಿಡಿದು ನಾಡಿ ನೋಡತೊಡಗಿದರು. ನರ್ಸ್ ಅಲ್ಲವೇ!

ಗಡ್ಡ ಬಿಟ್ಟ ಆ ಆರಡಿ ಹುಡುಗನ ನಾಡಿ ಬೆರಳಿಗೆ ಸಿಕ್ಕಿದ್ದೇ ತಡ, ಬಾಯಿಗೆ ಸೆರಗು ಹಿಡಿದು ಬಿಕ್ಕಿ ಬಿಕ್ಕಿ ಅತ್ತರು. ಅಳುತ್ತಲೇ ನಕ್ಕರು.

"ಉಳಿದಿದ್ದೀಯಾ ಮಾರಾಯ! ಇಷ್ಟು ವರ್ಷ ಎಲ್ಲಿದ್ದಿ ನೀನು?"

"ಆ ಹೆಸರಿನ ಅರ್ಥ ಗೊತ್ತುಂಟಾ ಅಮ್ಮ? ಜೀವ ಇರುವವನು ಅಂತ!"

"ಅಯ್ಯೋ ದೇವರೇ... ನನಗೆಂತ ಗೊತ್ತು! ಕ್ಯಾಲೆಂಡರಿನಲ್ಲಿ ಇತ್ತು, ಓದಿದೆ ಅಷ್ಟೆ."

ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಅವರು ಒಳಗೆ ಹೋದರು. ಜಗಲಿಯಲ್ಲಿ ಕುಳಿತ ವಿಟಾಲಿಸ್ ಕಣ್ಣೊರೆಸಿಕೊಂಡು ವಕೀಲರಿಗೆ ಮೆಸೇಜ್ ಹಾಕಿದ. "ಸರ್, ಅರ್ಜಿ ಬೇಡ. ಹೆಸರು ಇದೇ ಇರಲಿ."

ದೇವರ ಮುಂದೆ ಒಂದೊಂದೇ ಹೆಸರು ಕೇಳಿಸಿತು. ಬ್ಲಾಸಿಯಸ್... ಅಗಾಥಾ... ಕಾಜೆತಾನ್... ಹತ್ತು ಹೆಸರು ಮುಗಿದವು. ಹನ್ನೊಂದನೆಯದನ್ನು ಅಲ್ಲಿ ಕರೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ದೊಡ್ಡ ದನಿ ಬಂತು.

"ವಿಟಾಲಿಸ್! ಒಳಗೆ ಬಾ ಮಗ, ಚಾ ಆಗಿದೆ!"

"ಬಂದೆ ಅಮ್ಮಾ!"

ಆ ಹೆಸರಿಗೆ ಅಷ್ಟು ಜೋರಾಗಿ, ಅಷ್ಟು ಖುಷಿಯಿಂದ ಅವನು ಹಿಂದೆಂದೂ ಓಗೊಟ್ಟಿರಲಿಲ್ಲ.

*

ನಮ್ಮ ಹೆಸರು ನಮಗೇ ಬೇಡವಾದಾಗಲೂ, ಅದನ್ನು ಪ್ರಾರ್ಥನೆಯ ಹಾಗೆ ಕರೆಯುವವರು ಎಲ್ಲೋ ಒಬ್ಬರಿರುತ್ತಾರೆ.

ನಿಮ್ಮ ಹೆಸರನ್ನು ಮೊದಲ ಸಲ ಕರೆದವರು ಯಾರು... ನೀವು ಚೆನ್ನಾಗಿದ್ದೀರಿ ಅಂತ ಅವರಿಗೆ ಗೊತ್ತಿದೆಯಾ?